ನಮ್ಮ ಗಿರಮಿಟ್ಟ ನಕ್ಕಿದ್ದು

ಗಿರಮಿಟ್ಟ ಅಂದ್ರ ನಮ್ಮ ಕಡೆ ಮಂದಿಗೆ ಬಿಡಿಸಿ ಹೇಳೋದು ಬ್ಯಾಡ. ಚುರಮರಿಗೆ ಉಳ್ಳಾಗಡ್ಡಿ, ಹುಣಸಿಹಣ್ಣಿನ ಗೊಜ್ಜು ಕಲಿಸಿ, ಪುಠಾಣಿ ಹಿಟ್ಟು ಉದುರಿಸಿ, ಮ್ಯಾಲೆ ಹಸಿ ಉಳ್ಳಾಗಡ್ಡಿ, ಕೊತಂಬ್ರಿ, ಸೇವು ಹಾಕಿ, ಬಾಜೂಕ ಒಂದು ಮಿರ್ಚಿ ಭಜಿ ಇಟ್ಟು ಕೊಡೋದು. ಹುಬ್ಬಳ್ಳಿ-ಧಾರವಾಡದವರು ಯಾವ ದೇಶಕ್ಕ ಹೋಗ್ಲಿ, ಸಂಜಿ ಆತಂದ್ರ ನೆನಸ್ಕೊಳ್ಳೋದು ಅದನ್ನ. ಆದ್ರ ಒಂದು ವರ್ಷದಿಂದ ನಮ್ಮ ಮನ್ಯಾಗ "ಗಿರಮಿಟ್ಟಾ" ಅಂತ ಒದರಿದ್ರ ಪ್ಲೇಟು ಬರಂಗಿಲ್ಲ. ಮೂರೂವರಿ ಕಾಲಿಲೆ ಓಡ್ಕೋತ ಒಂದು ನಾಯಿ ಬರ್ತದ.

ಹೆಸರಿಟ್ಟಾಂವ ನನ್ನ ಮಗ. ನಾಯಿ ಶೆಲ್ಟರಿನ್ಯಾಗ ಅದನ್ನ ಮೊದಲನೇ ಸಲ ನೋಡಿದಾಗ, "ಅಮ್ಮಾ, ಇದರಾಗ ಎಲ್ಲಾ ಮಿಕ್ಸ್ ಅದ ನೋಡು" ಅಂದ. ಖರೇನ. ಬೆನ್ನು ಕಂದು, ಹೊಟ್ಟಿ ಬಿಳಿ, ಒಂದು ಕಿವಿ ಕರಿ, ಮಾರಿ ಮ್ಯಾಲೆ ಕರಿ ಎಳ್ಳು ಚೆಲ್ಲಿದಂಗ ಚುಕ್ಕಿ. ಹೆಸರು ಕೇಳಿ ನಮ್ಮ ಅತ್ತಿಯವರು, "ತಿನ್ನೋ ಪದಾರ್ಥದ ಹೆಸರು ನಾಯಿಗೆ ಇಡ್ತಾರೇನೋ? ಇನ್ನ ಮ್ಯಾಲೆ ನಾ ಗಿರಮಿಟ್ಟ ತಿನ್ನೋದು ಹ್ಯಾಂಗ?" ಅಂದ್ರು. ತಿನ್ನೋದೇನು ಬಿಟ್ಟಿಲ್ಲ ಬಿಡ್ರಿ. ತಿನ್ನಾಕ ಬರಲಾರದ್ದು ಇದಕ್ಕ. ಉಳ್ಳಾಗಡ್ಡಿ ನಾಯಿ ರಕ್ತಾ ಕೆಡಸ್ತದಂತ, ಹಸಿದಿರ್ಲಿ, ಬೇಯಿಸಿದ್ದಿರ್ಲಿ. ಚಾಕಲೇಟು, ದ್ರಾಕ್ಷಿನೂ ನಡ್ಯಾಂಗಿಲ್ಲ ಅಂತ ಡಾಕ್ಟರು ಹೇಳ್ಯಾರ. ಹಿಂಗಾಗಿ ಗಿರಮಿಟ್ಟಗ ಗಿರಮಿಟ್ಟ ಬಂದ್.

ಓಣ್ಯಾಗಿನ ಮಂದಿ ಕೇಳೋದು ಎರಡ ಪ್ರಶ್ನೆ. ಒಂದು, "ಯಾವ ಜಾತೀರಿ?" ತೆಳ್ಳಗ ಅದ ಅಂತ ಕೆಲವರು "ಮುಧೋಳ ಏನ್ರಿ?" ಅಂತಾರ. ಮುಧೋಳ ನಾಯಿ ಎಲ್ಲೆ, ನಮ್ಮದು ಎಲ್ಲೆ? ಮುಧೋಳ ನಾಯಿ 2005ರಾಗ ಅಂಚೆ ಚೀಟಿ ಮ್ಯಾಲೆ ಬಂದದ. ನಮ್ಮದು ಇಲ್ಲೀತನಕ ಬರೇ ಬಾಜೂ ಮನಿಯವರ ಕಂಪ್ಲೇಂಟಿನ್ಯಾಗ ಬಂದದ.

ಎರಡನೇ ಪ್ರಶ್ನೆ, "ಕಿವಿ ಯಾರು ಕಡದ್ರು?" ಒಂದು ಕಿವಿ ತುದಿಗೆ ಸಣ್ಣ ಕತ್ತರಿ ಹಾಕಿದಂಗ ಅದ. ಅದು ಜಗಳದ ಗಾಯ ಅಲ್ರಿ, ಸರ್ಟಿಫಿಕೇಟು. ಬೀದಿ ನಾಯಿ ಹಿಡದು, ಮರಿ ಆಗಲಾರದಂಗ ಆಪರೇಷನ್ ಮಾಡಿ, ರೇಬೀಸ್ ಇಂಜೆಕ್ಷನ್ ಹಾಕಿ, ಹೊಳ್ಳಿ ಅದೇ ಜಾಗಾದಾಗ ಬಿಡಬೇಕು ಅಂತ ಸರ್ಕಾರದ ನಿಯಮ ಅದ. ಮೊದಲ 2001ರಾಗ ಬಂದಿತ್ತು, 2023ರಾಗ ಅದನ್ನ ತಗದು ಹೊಸಾದು ಮಾಡ್ಯಾರ. ಆಪರೇಷನ್ ಆಗೇದ, ಇದನ್ನ ಮತ್ತ ಹಿಡಿಬ್ಯಾಡ್ರಿ ಅನ್ನೋದಕ್ಕ ಕಿವಿ ತುದಿಗೆ ಗುರ್ತು. ನಮ್ಮದೂ ಹೊಳ್ಳಿ ಬೀದಿಗೆ ಹೋಗಬೇಕಾದದ್ದು. ಆದ್ರ ಹಿಂದಿನ ಕಾಲಿನ ಮ್ಯಾಲೆ ಯಾವುದೋ ಗಾಡಿ ಹಾಯ್ದಿತ್ತು. ಎಲುವು ಕೂಡಿದ್ರೂ ಕಾಲು ಸೊಟ್ಟ ಉಳೀತು. ಹಿಂಗಾಗಿ ಶೆಲ್ಟರಿನವರು ಇಟ್ಕೊಂಡಿದ್ರು.

ಕೊಡೋವಾಗ ಅಲ್ಲಿಯ ಹುಡುಗಿ ಹೇಳಿದ್ಲು. "ಅಕ್ಕಾ, ಮೂರು ದಿನ ಅಂಜತದ, ಮೂರು ವಾರದಾಗ ಮನಿ ರೀತಿ ತಿಳ್ಕೊಂತದ, ಮೂರು ತಿಂಗಳಿಗೆ ಇದು ನಂದು ಅಂತದ. ಒಂದು ತಿಂಗಳು ನೋಡ್ರಿ. ಹೊಂದಲಿಲ್ಲ ಅಂದ್ರ ಬೀದಿಗೆ ಬಿಡಬ್ಯಾಡ್ರಿ, ನಮಗ ತಂದು ಕೊಡ್ರಿ." ಇದು ಅಂದಾಜಿನ ಲೆಕ್ಕ, ಒಂದೊಂದು ನಾಯಿಗೆ ಒಂದೊಂದು ನಮೂನಿ ಇರ್ತದ ಅಂತನೂ ಹೇಳಿದ್ಲು. ನಮ್ಮ ಮನಿಯವ್ರ ಕಿವಿಗೆ ಬಿದ್ದದ್ದು "ಒಂದು ತಿಂಗಳು" ಅನ್ನೋದು ಒಂದ. ಗ್ವಾಡಿ ಕ್ಯಾಲೆಂಡರಿನ್ಯಾಗ ಆವತ್ತಿನ ತಾರೀಖಿಗೆ ಒಂದು ಗುಂಡು ಸುತ್ತಿದ್ರು. ಹಾಲಿನವನ ಲೆಕ್ಕದ ಬಾಜೂಕ ನಾಯಿ ಲೆಕ್ಕ.

ಮೂರು ದಿನ ಸ್ಕೂಟರಿನ ಹಿಂದಿನ ಸಂದಿ ಬಿಟ್ಟು ಅಲ್ಲಾಡಲಿಲ್ಲ. ನಾಲ್ಕನೇ ದಿನ ಹೊರಗ ಬಂತು, ಆದ್ರ ದನೀನ ಇಲ್ಲ. ಮಗ ಚೆಂಡು ಉರುಳಿಸಿದ್ರ ಚೆಂಡಿಗೇನ ಅಂಜಿ ಓಡ್ತಿತ್ತು. ಒಳಗ ನಾ ರೊಟ್ಟಿ ಬಡಿಯಾಕ ಕುಂತ್ರ, ಪಟಪಟ ಸಪ್ಪಳಕ್ಕ ಹಿತ್ತಲ ಬಾಗಲಾ ದಾಟಿ ಹೋಗ್ತಿತ್ತು. ಎಲ್ಲಾಕಿಂತ ಕಷ್ಟದ್ದು ಕಸಬರಿಗಿ. ಅತ್ತಿಯವರು ಮುಂಜಾನೆ ಅಂಗಳ ಹುಡಗಲಿಕ್ಕೆ ಕಸಬರಿಗಿ ಎತ್ತಿದ್ರೂ ಸಾಕು, ನಾಲ್ಕೂ ಕಾಲು ಚಾಚಿ, ಕಣ್ಣು ಮುಚ್ಚಿ, ನೆಲಕ್ಕ ಅಂಟಿಕೊಂಡು ಉಚ್ಚಿ ಹೊಯ್ಕೊಂತಿತ್ತು. ಯಾರು ಎಷ್ಟು ಹೊಡದಿದ್ರೋ. ಅತ್ತಿಯವರು ಒಂದು ಕ್ಷಣ ನಿಂತು ನೋಡೋರು, ಆಮ್ಯಾಲೆ ಕಸಬರಿಗಿ ಬೆನ್ನಿನ ಹಿಂದ ಹಿಡ್ಕೊಂಡು, ಕಳ್ಳರಂಗ ಆ ಕಡೆ ಹೋಗಿ ಹುಡಗೋರು.

ಹಂಗಂತ ಅವರಿಗೆ ನಾಯಿ ಮ್ಯಾಲೆ ಪ್ರೀತಿ ಇತ್ತಂತ ತಿಳೀಬ್ಯಾಡ್ರಿ. ನಾಯಿ ಹೊಸ್ತಿಲು ದಾಟಿ ಒಳಗ ಬರಬಾರದು, ದೇವರ ಮನಿ ಕಡೆ ಮಾರಿನೂ ಹೊಳ್ಳಸಬಾರದು ಅಂತ ಕಟ್ಟು ಹಾಕಿದ್ರು. ಅವರ ಜಗಲಿ ಮ್ಯಾಲೆ ಗಾಣಗಾಪುರದಿಂದ ತಂದ ದತ್ತಾತ್ರೇಯನ ಫೋಟೋ ಅದ. ಮಗ ಅದನ್ನ ತೋರ್ಸಿ, "ಅಜ್ಜಿ, ನಿಮ್ಮ ದತ್ತಪ್ಪನ ಕಾಲ ಬಲ್ಲೆ ನಾಲ್ಕು ನಾಯಿ ಅವ, ಅವಕ್ಕ ದಿನಾ ಕುಂಕುಮ ಹಚ್ಚತೀರಿ" ಅಂದ. ಅತ್ತಿಯವರು ಸೋಲಲಿಲ್ಲ. "ಅವು ನಾಲ್ಕು ವೇದ ಅಪ್ಪಾ. ನಿಂದು ಯಾವ ವೇದ?"

ಈ ನಡುವ ಮನ್ಯಾಗ ಇನ್ನೊಂದು ಶುರು ಆತು. ಎಲ್ಲೆಲ್ಲೋ ರೊಟ್ಟಿ ಸಿಗ್ತಿದ್ವು. ತುಳಸಿ ಕಟ್ಟಿ ಮಣ್ಣಾಗ ಅರ್ಧ ರೊಟ್ಟಿ. ಮಗನ ಸಾಲಿ ಬೂಟಿನ್ಯಾಗ ಒಂದು ಚೂರು. ಹಿತ್ತಲದಾಗಿನ ವಾಷಿಂಗ್ ಮಶೀನಿನ ಹಿಂದ, ಒಗಿಯೋ ಕಲ್ಲಿನ ಬುಡಕ್ಕ, ನಮ್ಮ ಮನಿಯವ್ರ ಹೆಲ್ಮೆಟ್ಟಿನ್ಯಾಗ. ಹೆಲ್ಮೆಟ್ಟು ಹಾಕ್ಕೊಂಡು ಆಫೀಸಿಗೆ ಹೋಗಿ, ತಗದಾಗ ತಲಿ ಮ್ಯಾಲಿಂದ ಜೋಳದ ರೊಟ್ಟಿ ಉದುರಿತ್ತಂತ. ಡಾಕ್ಟರಿಗೆ ಕೇಳಿದ್ರ, "ಮಿಕ್ಕ ಕೂಳು ಹುಗದಿಡೋದು ನಾಯಿ ಹುಟ್ಟುಗುಣ. ಉಪವಾಸ ಬಿದ್ದ ನಾಯಿ ಒಂಚೂರು ಜಾಸ್ತಿ ಮಾಡ್ತದ. ಬೈಬ್ಯಾಡ್ರಿ, ದಿನಾ ಹೊತ್ತಿಗೆ ಸರಿಯಾಗಿ ಹಾಕ್ರಿ" ಅಂದ್ರು. ಅಂದ್ರ, ಇವತ್ತು ಹಾಕ್ಯಾರ, ನಾಳೆ ಹಾಕ್ತಾರೋ ಇಲ್ಲೋ ಅನ್ನೋ ಲೆಕ್ಕ ಅದರ ತಲ್ಯಾಗ. ನಮ್ಮ ಮನಿಯವ್ರು ಕ್ಯಾಲೆಂಡರಿನ್ಯಾಗ ಗುಂಡು ಸುತ್ತಿದಂಗ ಅದೂ ಒಂದು ಲೆಕ್ಕ ಇಟ್ಟಿತ್ತು.

ತಿಂಗಳು ತುಂಬಿದ ದಿನ ಮುಂಜಾನೆ ಚಹಾ ಕುಡಿಯೋವಾಗ ನಮ್ಮ ಮನಿಯವ್ರು ಸುರು ಮಾಡಿದ್ರು. "ಒದರಂಗಿಲ್ಲ, ಆಡಂಗಿಲ್ಲ, ಕಳ್ಳ ಬಂದ್ರೂ ಸ್ಕೂಟರ್ ಸಂದ್ಯಾಗ ಹೋಗಿ ಕೂಡೋದು. ಅದಕ್ಕೂ ನಮ್ಮನಿ ಒಗ್ಗಿಲ್ಲ. ಕೊಟ್ಟು ಬರೋಣ?" ಮಗನ ಕಣ್ಣಾಗ ನೀರು. ನಾ ಅತ್ತಿಯವರ ಮಾರಿ ನೋಡಿದೆ, ಅವರು ಹೂಂ ಅಂದ್ರ ಮುಗೀತು ಅಂತ.

ಅತ್ತಿಯವರು ಬಸಿಯಾಗಿನ ಚಹಾ ಪೂರ್ತಿ ಕುಡದು ಕೆಳಗಿಟ್ಟು ಅಂದ್ರು, "ನಾ ಈ ಮನಿಗೆ ಬಂದಾಗ ನನಗ ಹದಿನಾರು. ಆರು ತಿಂಗಳು ನಕ್ಕಿದ್ದಿಲ್ಲ. ನಿಮ್ಮ ಅಜ್ಜಿ ಓಣ್ಯಾಗೆಲ್ಲಾ 'ಹುಡುಗಿ ಮೂಗಿ ಇದ್ದಂಗದ' ಅಂತ ಹೇಳಿ ಬಂದಿದ್ರು. ನಮ್ಮವ್ವ ಕಟ್ಟಿ ಕೊಟ್ಟಿದ್ದ ಶೇಂಗಾ ಉಂಡಿ ಟ್ರಂಕಿನ್ಯಾಗ ಸೀರಿ ಬುಡಕ ಇಟ್ಟು, ಬುರುಸು ಬರೋತನಕ ಇಟ್ಕೊಂಡಿದ್ದೆ. ತಿನ್ನಾಕಲ್ಲ. ಅವು ಅದಾವು ಅನ್ನೋ ಧೈರ್ಯಕ್ಕ. ನನ್ನ ಯಾರೂ ತಿಂಗಳಿಗೆ ಹೊಳ್ಳಿ ಕಳಸಲಿಲ್ಲಪ್ಪಾ. ಅದೂ ಇನ್ನೂ ನಕ್ಕಿಲ್ಲ. ನಗೋತನಕ ಇರ್ಲಿ."

ಮದುವಿ ಆಗಿ ಹದಿನಾಲ್ಕು ವರ್ಷ ಆತು, ಆ ಉಂಡಿ ಸುದ್ದಿ ನಾ ಕೇಳಿದ್ದು ಅವತ್ತ. ನಮ್ಮ ಮನಿಯವ್ರಿಗೂ ಗೊತ್ತಿರಲಿಲ್ಲ. ಅವರು ಎದ್ದು ಹೋಗಿ ಕ್ಯಾಲೆಂಡರಿನ ಆ ಹಾಳಿ ಹರದು, ಹಾಲಿನವನ ಲೆಕ್ಕಾ ಬ್ಯಾರೆ ಚೀಟಿಗೆ ಬರ್ಕೊಂಡ್ರು.

ನಕ್ಕಿದ್ದು ಮಣ್ಣೆತ್ತಿನ ಅಮವಾಸಿ ಹಿಂದಿನ ದಿನ. ಅತ್ತಿಯವರು ಅಂಗಳ ಹುಡುಗಿ, ಕಸಬರಿಗಿ ಕಟ್ಟಿಗೆ ಆನಿಸಿ, ಬೆನ್ನು ನೆಟ್ಟಗ ಮಾಡ್ಕೊಳ್ಳಾಕ ಕುಂತಿದ್ರು. ಗಿರಮಿಟ್ಟ ದೂರಿಂದ ನೋಡ್ತು. ಒಂದು ಹೆಜ್ಜಿ ಬಂತು, ಹಿಂದ ಹೋತು. ಮತ್ತ ಬಂದು ಮೂಸಿ ನೋಡ್ತು. ಕಡೀಕ ಒಂದು ತುದಿ ಬಾಯಾಗ ಹಿಡದು, ಅಂಗಳದ ತುಂಬ ಓಡಾಕ ಹತ್ತಿತು ನೋಡ್ರಿ. ಕಸಬರಿಗಿ ಅದರಕಿಂತ ಉದ್ದ, ಕಾಲು ಸೊಟ್ಟ, ಹೊರಳುವಾಗ ತಾನ ಎಡವಿ ಬೀಳೋದು, ಮತ್ತ ಎದ್ದು ಓಡೋದು. ಅತ್ತಿಯವರು "ಏ ಕೊಡೋ, ಕೊಡೋ" ಅಂತ ಎದ್ರು. ಅದು ಮುಂದಿನ ಕಾಲು ನೆಲಕ್ಕ ಊರಿ, ಹಿಂದಿನ ಬುಡಾ ಮ್ಯಾಲೆ ಎತ್ತಿ, ಬಾಲಾ ಅಲ್ಲಾಡ್ಸಕೋತ ನಿಂತು, ಮೊದಲನೇ ಸಲ "ಬೌ" ಅಂತು. ನಾಯಿ ಹಂಗ ಬಗ್ಗಿತಂದ್ರ "ಬಾ, ಆಡೋಣ" ಅಂದಂಗ. ಯಾವ ಕಸಬರಿಗಿ ಕಂಡ್ರ ಉಚ್ಚಿ ಹೊಯ್ಕೊಂತಿತ್ತೋ, ಅದನ್ನ ಕಸಗೊಂಡು ಆಟ ಆಡಾಕ ಕರೀತಿತ್ತು.

ಅತ್ತಿಯವರು ಕಟ್ಟಿ ಮ್ಯಾಲೆ ಹೊಳ್ಳಿ ಕುಂತು, ಸೆರಗು ಬಾಯಿಗೆ ಹಿಡದು, "ನಕ್ತಲ್ಲೇ ತಂಗಿ, ನಕ್ತು" ಅಂದ್ರು. ನಮಗ ಹೊಸಾ ಕಸಬರಿಗಿ ತರೋದಾತು.

ಅಲ್ಲಿಂದ ಮುಂದ ಹೇಳಬಾರದು. ಕುಕ್ಕರ್ ಸೀಟಿ ಹೊಡದ್ರ ಅದೂ ಸೀಟಿ ಹೊಡದಂಗ ಊಳಿಡೋದು. ವಾಷಿಂಗ್ ಮಶೀನು ತಿರಗಾಕ ಹತ್ತಿದ್ರ ಅದರ ಮುಂದ ಕುಂತು ಜಗಳ ತಗಿಯೋದು. ರೊಟ್ಟಿ ಬಡಿಯೋ ಸಪ್ಪಳಕ್ಕ ಓಡಿ ಹೋಗ್ತಿದ್ದದ್ದು ಈಗ ಓಡಿ ಬರ್ತದ. ಶ್ರಾವಣದಾಗ ಒಂದು ಶುಕ್ರವಾರ ಅರಿಶಿಣ ಕುಂಕುಮಕ್ಕ ಹನ್ನೊಂದು ಮಂದಿ ಬಂದಿದ್ರು. ಆರತಿ ಆತು, ಉಡಿ ತುಂಬಿದ್ದಾತು, ಹೊರಗ ಬಂದ್ರ ಹನ್ನೊಂದೂ ಜೋಡಿನ್ಯಾಗ ಒಂದೊಂದು ಚಪ್ಪಲಿ ಇಲ್ಲ! ರೇಶ್ಮಿ ಸೀರಿ ಉಟ್ಕೊಂಡು, ಒಂಟಿ ಕಾಲಿಗೆ ಚಪ್ಪಲಿ ಹಾಕ್ಕೊಂಡು, ಹನ್ನೊಂದು ಮಂದಿ ನಮ್ಮ ಹಿತ್ತಲದಾಗ ಹುಡುಕಾಟ. ಒಗಿಯೋ ಕಲ್ಲಿನ ಹಿಂದ ಹನ್ನೊಂದು ಚಪ್ಪಲಿ ಗುಡ್ಡಾ ಹಾಕಿ, ಅದರ ಮ್ಯಾಲೆ ಗದ್ದಾ ಇಟ್ಟು ಮಲಗಿತ್ತು. ಒಂದನ್ನೂ ಕಡದಿರಲಿಲ್ಲ. ಚಪ್ಪಲ್ಯಾಗ ಮನಷ್ಯಾರ ವಾಸನಿ ಗಟ್ಟಿ ಇರ್ತದ, ಅದಕ್ಕ ನಾಯಿ ಅದನ್ನ ಬಗಲಾಗ ಇಟ್ಕೋತದ ಅಂತಾರ. ಬಾಜೂ ಮನಿಯವರು, "ನಾಯಿ ಸಾಕೀರಿ ಸರಿ, ನಮ್ಮನ್ನ ಕುಂಟಲಿಪಿ ಆಡಸ್ತೀರಲ್ಲ" ಅಂದ್ರು. ಆದ್ರ ಅವರ ನಗೀನ ಜೋರಿತ್ತು.

ದೀಪಾವಳಿ ದಿನ ಮಾತ್ರ ಎಲ್ಲಾ ಮರತು ಹೋತು. ನಮ್ಮಕಿಂತ ಅದಕ್ಕ ಕಿವಿ ಭಾಳ ಚುರುಕು. ಸರ ಪಟಾಕಿ ಶುರು ಆತಂದ ಕೂಡ್ಲೆ ನಡಗಾಕ ಹತ್ತಿತು. ನಾವು ಬಾಗಲಾ ಹಾಕೋದ್ರಾಗ ಹೊಸ್ತಿಲು ದಾಟಿ, ನಡುಮನಿ ದಾಟಿ, ಸೀದಾ ದೇವರ ಮನ್ಯಾಗ ಜಗಲಿ ಬುಡಕ ಹೋಗಿ ಸೇರ್ಕೊಂತು. ನಾ ಎಳ್ಯಾಕ ಹೋದೆ. ಅತ್ತಿಯವರು ಕೈ ಅಡ್ಡ ಹಿಡದ್ರು. ಒಂದು ಹಳೇ ಸೀರಿ ತಂದು ಅದರ ಮ್ಯಾಲೆ ಹೊಚ್ಚಿ, ದತ್ತಪ್ಪನ ಫೋಟೋದ ಕಡೆ ನೋಡಿ, "ಇರ್ಲಿ ಬಿಡು. ನಾಲ್ಕು ಇದ್ದಲ್ಲೆ ಐದು" ಅಂದ್ರು.

ನಮ್ಮ ಮನಿಗೆ ಬಂದು ನೋಡಿ, ತಾವೂ ಶೆಲ್ಟರಿನಿಂದ ತರಬೇಕು ಅನ್ನೋರು ಇದ್ದಾರ. ಅವರಿಗೆ ನಾ ಹೇಳೋದು ಸ್ವಲ್ಪ. ವರ್ಷಾ ರೇಬೀಸ್ ಇಂಜೆಕ್ಷನ್ ತಪ್ಪಿಸಬ್ಯಾಡ್ರಿ, ಆ ಜಡ್ಡು ಮೈಯಾಗ ಕಾಣಿಸ್ಕೊಂತು ಅಂದ ಮ್ಯಾಲೆ ಔಷಧ ಇಲ್ಲ, ನಾಯಿಗೂ ಇಲ್ಲ, ಮನಷ್ಯಾಗೂ ಇಲ್ಲ. ಕೂಳಿನ ಹೊತ್ತು ತಪ್ಪಿಸಬ್ಯಾಡ್ರಿ. ಮತ್ತ ಆಟಾ ಆಡವಲ್ದು, ಪ್ರೀತಿ ತೋರವಲ್ದು ಅಂತ ತಿಂಗಳಿಗೇನ ಲೆಕ್ಕಾ ಮುಗಸಬ್ಯಾಡ್ರಿ. ಆಟಾ ಅನ್ನೋದು ಹೊಟ್ಟಿ ತುಂಬಿ, ಅಂಜಿಕಿ ಹೋದ ಮ್ಯಾಲೆ ಬರೋದು. ನಿಮ್ಮ ಚಪ್ಪಲಿ ಕಳೀತು ಅಂದ್ರ ನಾಯಿ ನಿಮ್ಮದಾತು ಅಂತ ತಿಳೀರಿ.

ಈಗ ಗಿರಮಿಟ್ಟ ರೊಟ್ಟಿ ಹುಗಿಯೋದು ಬಿಟ್ಟಂಗ ಅದ. ಒಟ್ಟ ಬಿಟ್ಟಿಲ್ಲ. ಮನ್ನೆ ಎರಡು ದಿನ ಒಂದು ಮದುವಿಗೆ ಹೋಗಿದ್ವಿ, ಬಾಜೂ ಮನಿಯವರ ಹೊತ್ತು ಹೊತ್ತಿಗೆ ಬಂದು ಕೂಳು ಹಾಕಿದ್ರು. ಬಂದು ತುಳಸಿಗೆ ನೀರು ಹಾಕಾಕ ಹೋದ್ರ ಮಣ್ಣಾಗ ಅರ್ಧ ರೊಟ್ಟಿ. "ಅತ್ತಿಯವ್ರ, ಇದಕ್ಕ ಇನ್ನೂ ನಂಬಿಗಿ ಬಂದಿಲ್ಲ ನೋಡ್ರಿ" ಅಂದೆ.

"ಬರ್ತದ ಹೋಗ್ತದ, ಹಂಗ ಅದು" ಅಂದ್ರು ಅವರು. "ನನ್ನ ಟ್ರಂಕಿನ ಕೀಲಿನೂ ಇನ್ನೂ ನನ್ನ ಕಡೇನ ಅದ."