ಸ್ನೇಹವೂ ಅಂಟೂ

ಸಂಸ್ಕೃತದಲ್ಲಿ ಸ್ನೇಹವೆಂಬ ಶಬ್ದಕ್ಕೆ ಪ್ರೀತಿಯೆಂಬ ಅರ್ಥವೂ ಉಂಟು, ಎಣ್ಣೆಯೆಂಬ ಅರ್ಥವೂ ಉಂಟು. ಹಿಟ್ಟು ಮೊದಲಾದ ಪುಡಿಗಳು ಮುದ್ದೆಗಟ್ಟುವುದಕ್ಕೆ ಕಾರಣವಾದ ಗುಣವೇ ಸ್ನೇಹವೆಂದು ಅನ್ನಂಭಟ್ಟನು ತರ್ಕಸಂಗ್ರಹದಲ್ಲಿ ಲಕ್ಷಣ ಹೇಳಿದ್ದಾನೆ. ಹಾಗಾದರೆ ಬಿಡಿಯಾದುದನ್ನು ಕೂಡಿಸುವುದೇ ಸ್ನೇಹದ ಧರ್ಮವೆಂದಾಯಿತು. ಆದರೆ ಅಂಟಿನ ಕೆಲಸ ಬಲ್ಲವರ ಅನುಭವವು ಬೇರೆ. ಕೂಡಬೇಕಾದ ಎರಡು ಮೈಗಳ ನಡುವೆ ತೊಟ್ಟು ಎಣ್ಣೆ ಉಳಿದರೂ ಅವು ಕೂಡಲಾರವು. ಮಲೆನಾಡಿನ ಒಂದು ಮನೆಯವರಿಗೆ ಇದು ತಿಳಿದುಬಂದದ್ದು ಒಂದು ಹಳೆಯ ಮೋಟಾರುಗಾಡಿಯ ದೆಸೆಯಿಂದ.

ಜರ್ಮನಿಯಲ್ಲಿ ತಯಾರಾದ ಆ ಗಾಡಿಯನ್ನು ಮನೆಯ ಹಿರಿಯರು ಮುಂಬಯಿಯಲ್ಲಿ ಕೊಂಡು ತಂದು, ಬಹುಕಾಲ ತಾವೇ ನಡೆಸಿ, ತಾವೇ ರಿಪೇರಿ ಮಾಡಿಕೊಂಡು, ಕಡೆಗೊಂದು ದಿನ ಕಾಲವಾದರು. ಅನಂತರ ತೋಟವು ಪಾಲಾಯಿತು. ಆ ಸಂದರ್ಭದಲ್ಲಿ ಅವರ ಮಗನಿಗೂ ತಮ್ಮನಿಗೂ ಮಾತು ಬೆಳೆದು, ಬಳಿಕ ಮಾತೇ ನಿಂತುಹೋಯಿತು. ಬಂಧುಗಳು ಎರಡು ಮೂರು ಸಲ ನಡುವೆ ಬಂದು ನಯವಾದ ಮಾತುಗಳನ್ನಾಡಿ, ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕುಳ್ಳಿರಿಸಿ ಊಟ ಮಾಡಿಸಿದರು. ಎಲೆ ಎತ್ತಿದ ಮೇಲೆ ಎಲ್ಲವೂ ಮೊದಲಿನಂತೆಯೇ ಆಯಿತು. ಗಾಡಿ ಮಾತ್ರ ಯಾರ ಪಾಲಿಗೂ ಬರದೆ ಕೊಟ್ಟಿಗೆಯಲ್ಲಿ ನಿಂತಿತು.

ಮೂರು ವರ್ಷಗಳ ತರುವಾಯ ಹಿರಿಯರ ಮಗಳಿಗೆ ವೈಶಾಖದಲ್ಲಿ ಲಗ್ನ ನಿಶ್ಚಯವಾಯಿತು. ಅಪ್ಪನ ಗಾಡಿಯಲ್ಲಿಯೇ ಗಂಡನ ಮನೆಗೆ ಹೊರಡಬೇಕೆಂದು ಹುಡುಗಿ ಹಠ ಹಿಡಿದಳು. ಊರಿನ ಮೇಸ್ತ್ರಿ ಎಂಜಿನನ್ನು ಸರಿಮಾಡಿಕೊಟ್ಟನು. ಆದರೆ ಮುಂದಿನ ಬಂಪರಿನ ಉದ್ದಕ್ಕೂ ಇದ್ದ ಕಪ್ಪು ರಬ್ಬರು ಪಟ್ಟಿ ಅರ್ಧದವರೆಗೆ ಕಳಚಿ ನೆಲದ ಕಡೆಗೆ ಜೋತುಬಿದ್ದಿತ್ತು. ಅಂಟು ಬಳಿದು ಒತ್ತಿಬಿಟ್ಟರೆ ಗಳಿಗೆಯ ಕೆಲಸವೆಂದು ಹುಡುಗಿಯ ಅಣ್ಣನು ಕುಳಿತನು.

ಪಟ್ಟಿಯನ್ನು ಪೂರ್ತಿ ಬಿಡಿಸಿದಾಗ ಒಳಗಿನ ಸ್ಥಿತಿ ಕಂಡಿತು. ಬಂಪರಿಗೆ ಬೆಳ್ಳಿಯಂಥ ಹೊಳಪನ್ನು ಕೊಡುವ ಕ್ರೋಮಿನ ಪದರವು ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗಿಂತಲೂ ತೆಳುವಾದುದು. ಉಕ್ಕನ್ನು ನಿಜವಾಗಿ ಕಾಯುವುದು ಅದರ ಅಡಿಯಲ್ಲಿರುವ ನಿಕಲಿನ ಲೇಪ. ಅದೂ ಒಡೆದ ಕಡೆ ಪಟ್ಟಿಯ ಹಿಂದೆ ಮಳೆಯ ನೀರು ನಿಂತು, ಹೊರಗಿನವರಿಗೆ ಕಾಣದಂತೆ ತುಕ್ಕು ಬೆಳೆದಿತ್ತು. ಅದರ ಮೇಲೆ ಗ್ರೀಸಿನ ಜಿಡ್ಡು. ಜಿಡ್ಡಿನ ಮೇಲೆ ಹಳದಿಗಟ್ಟಿದ ಹಳೆಯ ಅಂಟು. ಆ ಅಂಟಿನಲ್ಲಿ ಒಂದು ಹೆಬ್ಬೆರಳ ಗುರುತು ಅಚ್ಚೊತ್ತಿದಂತೆ ಉಳಿದಿತ್ತು. ಅದು ಯಾರದೆಂದು ಮಗನು ಯಾರನ್ನೂ ಕೇಳಬೇಕಾಗಿರಲಿಲ್ಲ. ಉಪ್ಪುಕಾಗದವನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಸುಮ್ಮನೆ ಕುಳಿತನು.

ಚಪ್ಪರದ ಕೆಲಸ ನೋಡಲು ಬಂದಿದ್ದ ಚಿಕ್ಕಪ್ಪನವರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಇದನ್ನು ಕಂಡರು. ಅವರು ಯೌವನದಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು.

“ಅಣ್ಣ ಒರೆಸದೆ ಅಂಟಿಸಿದ್ದ. ಅವನಿಗೆ ಯಾವಾಗಲೂ ಅವಸರ,” ಎಂದರು. ಸ್ವಲ್ಪ ತಡೆದು, “ಅದನ್ನು ಕೆರೆದು ತೆಗೆಯದಿದ್ದರೆ ಹೊಸದು ಹಿಡಿಯದು, ಮಗು” ಎಂದರು.

“ನೀವೇ ತೆಗೆಯಿರಿ, ಚಿಕ್ಕಪ್ಪ. ನನ್ನ ಕೈಯಲ್ಲಿ ಆಗದು.”

ಚಿಕ್ಕಪ್ಪನವರು ಪಂಚೆಯನ್ನು ಎತ್ತಿ ಕಟ್ಟಿ ನೆಲದ ಮೇಲೆ ಕುಳಿತರು. ತುಕ್ಕನ್ನೂ ಹಳೆಯ ಅಂಟನ್ನೂ ಕೆರೆದು, ಬರಿದಾದ ಉಕ್ಕಿಗೆ ಪ್ರೈಮರು ಬಳಿದು, ಒಂದು ದಿನ ಒಣಗಲು ಬಿಟ್ಟರು. ಮರುದಿನ ಪಟ್ಟಿಯನ್ನು ತೊಳೆಯಲು ಮೇಸ್ತ್ರಿಯ ಹುಡುಗನು ಪೆಟ್ರೋಲು ತಂದಾಗ, ಅದರಿಂದ ರಬ್ಬರು ಉಬ್ಬುವುದೆಂದು ತಡೆದು, ಸ್ಪಿರಿಟಿನಲ್ಲಿ ಒರೆಸಿಸಿದರು. ಬಿಸಿಲಿಗೂ ಗಾಳಿಯ ಓಜೋನಿಗೂ ಬಿರುಸಾಗಿದ್ದ ಪಟ್ಟಿಯನ್ನು ಬಿಸಿನೀರಿನಲ್ಲಿಟ್ಟು ಮೆತ್ತಗೆ ಮಾಡಿ, ಒರೆಸಿ, ಚೆನ್ನಾಗಿ ಒಣಗಿಸಿದರು. ಆಮೇಲೆ ಸೈಕಲ್ ಟ್ಯೂಬಿಗೆ ತೇಪೆ ಹಾಕುವ ಕ್ರಮದಲ್ಲಿಯೇ ಎರಡು ಮೈಗಳಿಗೂ ತೆಳುವಾಗಿ ಅಂಟು ಸವರಿದರು.

ಈ ಜಾತಿಯ ಅಂಟಿನ ಮರ್ಮವಿರುವುದು ಕಾಯುವುದರಲ್ಲಿ. ಹಸಿಯಿದ್ದಾಗ ಜೋಡಿಸಿದರೆ ಜಾರುವುದು. ಬೆರಳು ತಾಗಿಸಿದರೆ ಅಂಟು ಕೈಗೆ ಬಾರದಷ್ಟು ಆರಿದ ಮೇಲೆ ಜೋಡಿಸಿದರೆ ಮುಟ್ಟಿದೊಡನೆ ಕಚ್ಚುವುದು. ಆಮೇಲೆ ತಿದ್ದುವುದಕ್ಕೆ ಅವಕಾಶವಿಲ್ಲ. ಆ ಹತ್ತು ಹದಿನೈದು ನಿಮಿಷ ಇಬ್ಬರೂ ಪಕ್ಕಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ತೋಟದ ಮಾತನ್ನು ಯಾರೂ ಎತ್ತಲಿಲ್ಲ. ಕಡೆಗೆ ಹುಡುಗನೇ, “ಆ ದಿನ ನಾನು ಹಾಗೆ ಅನ್ನಬಾರದಾಗಿತ್ತು” ಎಂದನು. ಚಿಕ್ಕಪ್ಪನವರು ಬೆರಳಿನಿಂದ ಅಂಟನ್ನು ಪರೀಕ್ಷಿಸುತ್ತ, “ಅಂದದ್ದು ನಾನೂ ಕಡಮೆಯಿಲ್ಲ” ಎಂದರು.

ಪಟ್ಟಿಯನ್ನು ಕೂಡಿಸುವುದು ಒಬ್ಬನ ಕೆಲಸವಲ್ಲ. ಒಬ್ಬನು ತುದಿಯನ್ನು ಮೇಲೆತ್ತಿ ಹಿಡಿದಿರಬೇಕು. ಇನ್ನೊಬ್ಬನು ನಡುವಿನಿಂದ ತೊಡಗಿ ಅಂಗುಲ ಅಂಗುಲವಾಗಿ ಒತ್ತುತ್ತ ಬರಬೇಕು. ಎಳೆದು ಕೂಡಿಸಕೂಡದು, ಎಳೆದ ರಬ್ಬರು ತನ್ನ ಅಳತೆಗೆ ಮರಳಲು ಹವಣಿಸಿ ಕೆಲವು ದಿನಗಳಲ್ಲಿ ತುದಿಯಲ್ಲಿ ಬಿಟ್ಟುಕೊಳ್ಳುವುದು. ಹುಡುಗನು ಹಿಡಿದನು, ಚಿಕ್ಕಪ್ಪನವರು ಒತ್ತಿದರು.

ಲಗ್ನವು ಸಾಂಗವಾಗಿ ನೆರವೇರಿತು. ತಂಗಿಯನ್ನು ಅದೇ ಗಾಡಿಯಲ್ಲಿ ಕಳುಹಿಸಿದರು. ಅನ್ನಂಭಟ್ಟನ ಲಕ್ಷಣದಲ್ಲಿ ದೋಷವೇನೂ ಇಲ್ಲ. ಆತನು ಹೇಳಿದ್ದು ನೀರಿನಲ್ಲಿ ಮಾತ್ರ ನೆಲಸಿರುವ ಗುಣವನ್ನು, ತುಕ್ಕಿನ ಮೇಲೆ ಸವರುವ ಜಿಡ್ಡನ್ನಲ್ಲ.

ಆಷಾಢದ ಮಳೆಯಲ್ಲಿ ಪಟ್ಟಿಯ ಎಡತುದಿ ಉಗುರಿನಷ್ಟು ಎದ್ದಿತು. ಹುಡುಗನು ಅದನ್ನು ನೋಡಿ, ಅಂಟಿನ ಡಬ್ಬಿ ತನ್ನ ಮನೆಯಲ್ಲಿಯೇ ಇದ್ದರೂ, ಕೊಡೆ ಹಿಡಿದು ಚಿಕ್ಕಪ್ಪನವರ ಮನೆಗೆ ಹೊರಟನು.