ಗಾಜಿನೊಳಗಣ ಹವಳದ ಕಡಲು

ಫ್ರಾನ್ಸ್ ದೇಶದ ದಕ್ಷಿಣ ತೀರದಲ್ಲಿರುವ ನೀಸ್ ಪಟ್ಟಣದಿಂದ ಮೊನಾಕೊ ಸಂಸ್ಥಾನಕ್ಕೆ ರೈಲಿನಲ್ಲಿ ಅರ್ಧ ಗಂಟೆಗಿಂತ ಕಡಮೆಯ ಪ್ರಯಾಣ. ಎಡಕ್ಕೆ ಬೆಟ್ಟ, ಬಲಕ್ಕೆ ಭೂಮಧ್ಯ ಸಮುದ್ರ. ನಡುನಡುವೆ ಸುರಂಗಗಳು ಬಂದು ನೋಟವನ್ನು ಕಸಿದುಕೊಳ್ಳುವುವು. ಎರಡು ಚದರ ಕಿಲೋಮೀಟರಿನಷ್ಟು ಮಾತ್ರ ವಿಸ್ತಾರವುಳ್ಳ ಈ ಪುಟ್ಟ ರಾಜ್ಯವು ಜೂಜಿನ ಮಂದಿರಕ್ಕಾಗಿಯೂ ಮೋಟಾರು ಪಂದ್ಯಕ್ಕಾಗಿಯೂ ಲೋಕಪ್ರಸಿದ್ಧವಾಗಿರುತ್ತದೆ. ಅವೆರಡರಲ್ಲಿಯೂ ನಮಗೆ ಆಸಕ್ತಿಯಿರಲಿಲ್ಲ. ನಾವು ನಿಲ್ದಾಣದಿಂದ ನೆಟ್ಟಗೆ ಹಳೆಯ ಊರಿನ ಬಂಡೆಯನ್ನೇರಿ, ಅಲ್ಲಿನ ಸಮುದ್ರವಸ್ತು ಸಂಗ್ರಹಾಲಯದ ಬಾಗಿಲಲ್ಲಿ ನಿಂತೆವು.

ಸಮುದ್ರಶೋಧನೆಯಲ್ಲಿಯೇ ಆಯುಷ್ಯದ ಬಹುಭಾಗವನ್ನು ಕಳೆದ ಮೊದಲನೆಯ ಆಲ್ಬರ್ಟ್ ದೊರೆಯು 1899ರಲ್ಲಿ ಈ ಕಟ್ಟಡಕ್ಕೆ ಅಸ್ತಿಭಾರವನ್ನಿಡಿಸಿದನು, 1910ರಲ್ಲಿ ಪ್ರಾರಂಭೋತ್ಸವವಾಯಿತು. ಕಡಲ ಕಡೆಯ ಗೋಡೆಯು ಬಂಡೆಯ ಬುಡದಿಂದಲೇ ಎದ್ದಂತೆ 85 ಮೀಟರು ಎತ್ತರಕ್ಕೆ ನಿಂತಿರುವುದು. ಕೆಳ ಅಂತಸ್ತಿನಲ್ಲಿ ಸಾಲುಸಾಲಾಗಿ ಗಾಜಿನ ತೊಟ್ಟಿಗಳು. ಇಲ್ಲಿ ನೀಸ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಜಾನ್ ಜೋಬೇರ್ ಎಂಬವರು 1989ರಲ್ಲಿ ಆಫ್ರಿಕಾದ ಜಿಬೂಟಿಯಿಂದ ತಂದ ಜೀವಂತ ಹವಳದ ದಿಬ್ಬವನ್ನು 40 ಘನಮೀಟರು ನೀರಿನಲ್ಲಿ ನೆಲೆಗೊಳಿಸಿದರು. ಹವಳವೆಂದರೆ ಉಂಗುರದಲ್ಲಿ ಕೂರಿಸುವ ಕೆಂಪು ಹರಳು ಎಂದಷ್ಟೇ ತಿಳಿದ ನಮ್ಮಂತಹವರಿಗೆ, ಅದು ಕೈಚಾಚಿ ಉಣ್ಣುವ ಪ್ರಾಣಿಯೆಂಬುದನ್ನು ಕಣ್ಣಾರೆ ಕಂಡಾಗ ಆಗುವ ವಿಸ್ಮಯವನ್ನು ಬರೆದು ತಿಳಿಸುವುದು ಕಷ್ಟ.

ಆದರೆ ಸಂಗ್ರಹಾಲಯಕ್ಕೆ ಕಾಲಬುಡದಲ್ಲಿಯೇ ಸಮುದ್ರವಿದೆ. ಪಂಪಿನಿಂದ ಹೊಸ ನೀರು ಬರುವುದು, ಸಂಬಳದ ಕೆಲಸಗಾರರಿರುವರು. ಗೃಹಸ್ಥನೊಬ್ಬನು ತನ್ನ ನಡುಮನೆಯಲ್ಲಿ ಇದನ್ನು ನಿಲ್ಲಿಸಬಲ್ಲನೆ? ಈ ಪ್ರಶ್ನೆಯನ್ನು ಹೊತ್ತುಕೊಂಡೇ ನಾವು ನೀಸಿಗೆ ಹಿಂದಿರುಗಿ, ಮರುದಿನ ಪರಿಚಿತರ ಮೂಲಕ ಒಂದು ಮನೆಗೆ ಹೋದೆವು. ಯಜಮಾನರು ನಿವೃತ್ತ ಉಪಾಧ್ಯಾಯರು. ಅವರ ಮಡದಿ ಹಿಂದೆ ಔಷಧದ ಅಂಗಡಿಯಲ್ಲಿ ಕೆಲಸ ಮಾಡಿದವರು. ಮಕ್ಕಳು ಬೇರೆ ಊರುಗಳಲ್ಲಿ ನೆಲೆಸಿರುವರು. ಮನೆಯ ಮುಂಗೋಣೆಯ ಒಂದು ಗೋಡೆಯುದ್ದಕ್ಕೂ ಎರಡು ಮೀಟರು ಉದ್ದದ ಗಾಜಿನ ತೊಟ್ಟಿ.

ಅದರಲ್ಲಿಯೂ ಅದರಡಿಯ ಬೀರುವಿನಲ್ಲಿ ಅಡಗಿರುವ ಕೆಳತೊಟ್ಟಿಯಲ್ಲಿಯೂ ಸೇರಿ ಸಾವಿರ ಲೀಟರು ನೀರು. ನೀರೊಂದೇ ಒಂದು ಟನ್ನಿಗೆ ಮಿಗಿಲಾದ ಭಾರ. ಗಾಜು, ಕಲ್ಲು, ಮರಳುಗಳು ಅದಕ್ಕೆ ಬೇರೆ. ಆದುದರಿಂದ ಮೊದಲು ವಿಚಾರಿಸಬೇಕಾದುದು ಮೀನನ್ನಲ್ಲ, ನೆಲವನ್ನು. ಇವರು ನೆಲ ಅಂತಸ್ತಿನ ಕಾಂಕ್ರೀಟಿನ ಮೇಲೆಯೇ ತೊಟ್ಟಿಯನ್ನಿಟ್ಟಿರುವರು. ಮಹಡಿಯ ಮರದ ಹಲಗೆಯ ಮೇಲೆ ಇಡುವ ಧೈರ್ಯವನ್ನು ಯಾರೂ ಮಾಡದಿರುವುದು ಲೇಸು. ಲೀಟರಿಗೆ 35 ಗ್ರಾಮಿನಂತೆ ಈ ತೊಟ್ಟಿಗೆ ಸುಮಾರು 35 ಕಿಲೋ ಉಪ್ಪು ಹಿಡಿಯಿತು. ಅದು ಅಡಿಗೆಯ ಉಪ್ಪಲ್ಲ. ಸಮುದ್ರದಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದ ಲವಣಗಳನ್ನು ಪ್ರಮಾಣವರಿತು ಬೆರೆಸಿದ ಪುಡಿ. ಅದನ್ನು ಕರಗಿಸುವ ನೀರಾದರೂ ನಲ್ಲಿಯಿಂದ ಬಂದಂತೆ ಸಲ್ಲದು. ಮನುಷ್ಯನಿಗೆ ಬಾಧಿಸದಷ್ಟು ತಾಮ್ರವು ಹವಳಕ್ಕೂ ಬಸವನಹುಳುವಿಗೂ ವಿಷವಾಗುವುದು. ಈಗ ನಮ್ಮ ಊರುಗಳ ಅಡಿಗೆಮನೆಗಳಲ್ಲಿಯೂ ತೂಗುಹಾಕಿರುವ ಆರ್.ಓ. ಯಂತ್ರವೇ ಅಲ್ಲಿಯೂ ನೀರನ್ನು ಶೋಧಿಸಿಕೊಡುತ್ತದೆ.

ನೀರು ತುಂಬಿದ ಮಾತ್ರಕ್ಕೆ ಕಡಲಾಗಲಿಲ್ಲ. ಹವಳಗಳ ಹಳೆಯ ಅಸ್ಥಿಯಿಂದಾದ ರಂಧ್ರರಂಧ್ರದ ಕಲ್ಲುಗಳನ್ನು ಪೇರಿಸಿ, ಮರಳನ್ನು ಹರಡಿ, ಮೀನಿಲ್ಲದೆಯೇ ಹಲವು ವಾರಗಳು ಕಾಯಬೇಕು. ಕೊಳೆಯುವ ವಸ್ತುವಿನಿಂದ ಹುಟ್ಟುವ ಅಮೋನಿಯವು ಜೀವಿಗಳಿಗೆ ಮಾರಕ. ಒಂದು ಜಾತಿಯ ಸೂಕ್ಷ್ಮಜೀವಿಗಳು ಅದನ್ನು ನೈಟ್ರೈಟಾಗಿಯೂ, ಮತ್ತೊಂದು ಜಾತಿಯವು ನೈಟ್ರೈಟನ್ನು ಅಷ್ಟೊಂದು ಕೇಡಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವುವು. ಈ ಕಣ್ಣಿಗೆ ಕಾಣದ ಸಂಸಾರವು ಕಲ್ಲಿನ ರಂಧ್ರಗಳಲ್ಲಿ ಒಕ್ಕಲಾಗುವವರೆಗೂ ಯಾವ ಪ್ರಾಣಿಯನ್ನೂ ಬಿಡಕೂಡದು. ಜೋಬೇರರ ಯುಕ್ತಿಯು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ತೊಟ್ಟಿಯ ತಳದಲ್ಲಿ ತೂತುಗಳುಳ್ಳ ತಟ್ಟೆಯನ್ನಿಟ್ಟು, ಅದರಡಿ ಬರಿಯ ನೀರಿಗೆ ಎಡೆಬಿಟ್ಟು, ಮೇಲೆ ದಪ್ಪವಾಗಿ ಸುಣ್ಣದಂಶದ ಮರಳನ್ನು ಹಾಸುವುದು. ಆಮ್ಲಜನಕವು ವಿರಳವಾದ ಆ ಆಳದಲ್ಲಿ ಬೇರೆ ಸೂಕ್ಷ್ಮಜೀವಿಗಳು ನೈಟ್ರೇಟನ್ನು ಒಡೆದು ಸಾರಜನಕವನ್ನಾಗಿ ಗಾಳಿಗೆ ಬಿಡುವುವು. ನಮ್ಮ ಆತಿಥೇಯರು ಈ ಕ್ರಮವನ್ನೇ ಅನುಸರಿಸಿ, ಸಾಲದುದಕ್ಕೆ ಕೊಳೆಯನ್ನು ನೊರೆಯಾಗಿ ಎಬ್ಬಿಸಿ ತೆಗೆಯುವ ಒಂದು ಕೊಳವೆಯನ್ನೂ ಇಟ್ಟಿರುವರು. ಆ ನೊರೆಯ ಬಟ್ಟಲಿನ ವಾಸನೆಯು ಮಾತ್ರ ಹೇಳತಕ್ಕದ್ದಲ್ಲ.

ಹವಳದ ಪ್ರಾಣಿಯ ಮೈಯೊಳಗೆ ಅತಿಸೂಕ್ಷ್ಮವಾದ ಪಾಚಿಯು ವಾಸಿಸುತ್ತದೆ. ಪಾಚಿಯು ಬೆಳಕಿನಿಂದ ಆಹಾರವನ್ನು ತಯಾರಿಸಿ ಮನೆಯೊಡೆಯನಿಗೂ ಕೊಡುವುದು. ಹವಳವು ಅದಕ್ಕೆ ನೆಲೆಯನ್ನು ಕೊಡುವುದು. ಆದ್ದರಿಂದ ತೊಟ್ಟಿಯ ಮೇಲೆ ಪ್ರಖರವಾದ ಎಲ್‌ಇಡಿ ದೀಪಗಳು ಬೆಳಗಿನಿಂದ ಮೆಲ್ಲಮೆಲ್ಲನೆ ಏರಿ ಸಂಜೆಗೆ ಇಳಿಯುತ್ತವೆ. ಹವಳವು ಅಸ್ಥಿಯನ್ನು ಕಟ್ಟಲು ನೀರಿನ ಸುಣ್ಣದಂಶವನ್ನು ಹೀರುವುದರಿಂದ ಅದನ್ನು ದಿನವೂ ತುಂಬಿಕೊಡಬೇಕು. ಇದಕ್ಕೆ ಇವರು ಏನು ಮಾಡುತ್ತಾರೆಂದು ಕೇಳಿ ನಾವು ನಕ್ಕೆವು: ಸುಣ್ಣದ ತಿಳಿನೀರು! ನಮ್ಮ ಅಜ್ಜಿಯರು ವೀಳ್ಯದೆಲೆಗೆ ಹಚ್ಚುತ್ತಿದ್ದ ಸುಣ್ಣದ ಜಾತಿಯದೇ, ಆದರೆ ಶುದ್ಧಮಾಡಿದುದು. ರಾತ್ರಿಯಲ್ಲಿ ಜೀವಿಗಳ ಉಸಿರಿನಿಂದ ನೀರು ಹುಳಿಯ ಕಡೆಗೆ ವಾಲುವುದರಿಂದ, ಆ ಹೊತ್ತಿನಲ್ಲಿಯೇ ಅದನ್ನು ತೊಟ್ಟುತೊಟ್ಟಾಗಿ ಬಿಡುವರು. ಲೀಟರಿಗೆ 420 ಮಿಲಿಗ್ರಾಮಿನ ಆಸುಪಾಸಿನಲ್ಲಿ ಕ್ಯಾಲ್ಸಿಯಂ ನಿಲ್ಲಬೇಕು. ನೀರಿನ ಉಷ್ಣತೆ 25 ಡಿಗ್ರಿಗೆ ಹತ್ತಿರವಿರಬೇಕು. ಆವಿಯಾಗುವುದು ನೀರೇ ಹೊರತು ಉಪ್ಪಲ್ಲವಾದ ಕಾರಣ, ಕಡಮೆಯಾದಷ್ಟನ್ನು ಸಿಹಿನೀರಿನಿಂದಲೇ ಭರ್ತಿಮಾಡಬೇಕು. ಹದಿನೈದು ದಿನಕ್ಕೊಮ್ಮೆ ನೂರು ಲೀಟರು ಹಳೆಯ ನೀರನ್ನು ತೆಗೆದು ಹೊಸದನ್ನು ಹಾಕುವರು. ಇವೆಲ್ಲವನ್ನೂ ಗೃಹಿಣಿಯವರು ಒಂದು ನೀಲಿ ಹೊತ್ತಗೆಯಲ್ಲಿ ಬರೆದಿಡುವರು. ಹಾಲಿನ ಲೆಕ್ಕವನ್ನು ಇಷ್ಟು ನಿಷ್ಠೆಯಿಂದ ಬರೆಯುವವರನ್ನು ನಾವು ಕಂಡಿಲ್ಲ.

ಮೀನುಗಳು ಹತ್ತಕ್ಕೆ ಮೀರಿರಲಿಲ್ಲ. ಕಿತ್ತಳೆಯ ಮೈಗೆ ಬಿಳಿಯ ಪಟ್ಟೆಯುಳ್ಳ ಎರಡು ಪುಟ್ಟ ಮೀನುಗಳು ಕುಟುಕುವ ಸಮುದ್ರಹೂವಿನ ಎಸಳುಗಳ ನಡುವೆ ನಿರ್ಭಯವಾಗಿ ಹೊರಳಾಡುತ್ತಿದ್ದುವು. ಇವುಗಳಲ್ಲಿ ಹುಟ್ಟುವಾಗ ಎಲ್ಲವೂ ಗಂಡು. ದೊಡ್ಡದಾದುದು ಹೆಣ್ಣಾಗಿ ಮನೆಯ ಅಧಿಕಾರವನ್ನು ವಹಿಸುವುದು. ಅದು ಸತ್ತರೆ ಅದರ ಗಂಡನೇ ಹೆಣ್ಣಾಗುವನು. ಗೃಹಿಣಿಯವರು ಇದನ್ನು ಹೇಳುವಾಗ ಯಜಮಾನರು ಕಿಟಕಿಯ ಹೊರಗೆ ನೋಡುತ್ತಿದ್ದರು.

ಈ ತೊಟ್ಟಿ ಇವರ ಎರಡನೆಯದು. ಮೊದಲನೆಯದರ ಹವಳಗಳು 2003ರ ಆಗಸ್ಟಿನಲ್ಲಿ, ಯೂರೋಪು ಖಂಡವೆಲ್ಲ ಬೆಂದ ಆ ಕಡುಬೇಸಗೆಯಲ್ಲಿ ಹೋದುವು. ದಂಪತಿಗಳಿಬ್ಬರೂ ನಾಲ್ಕು ದಿನ ಬೆಟ್ಟದ ಊರಿಗೆ ಹೋಗಿದ್ದಾಗ ತಂಪುಮಾಡುವ ಯಂತ್ರವು ನಿಂತಿತು. ನೀರು 32 ಡಿಗ್ರಿಗೆ ಏರಿತು. ಕಾವು ಮಿತಿಮೀರಿದಾಗ ಹವಳವು ತನ್ನೊಳಗಣ ಪಾಚಿಯನ್ನು ಹೊರಕ್ಕೆ ನೂಕಿ, ಬಣ್ಣಗೆಟ್ಟು ಬಿಳಿಚಿಕೊಂಡು, ಕಾವು ಇಳಿಯದಿದ್ದರೆ ಹಸಿದು ಸಾಯುವುದು. ಹಿಂದಿರುಗಿದವರಿಗೆ ಕಂಡದ್ದು ಹತ್ತು ವರ್ಷದ ತೋಟವೆಲ್ಲ ಸುಣ್ಣ ಬಳಿದಂತೆ ನಿಂತಿದ್ದ ನೋಟ. 1998ರಲ್ಲಿ ಹಿಂದೂ ಮಹಾಸಾಗರದಲ್ಲಿಯೂ, 2016ರಲ್ಲಿ ಆಸ್ಟ್ರೇಲಿಯಾದ ಮಹಾದಿಬ್ಬದಲ್ಲಿಯೂ ಇದೇ ರೋಗವು ವಿಶಾಲವಾಗಿ ಹಬ್ಬಿತು. ಅಲ್ಲಿ ಯಂತ್ರವನ್ನು ದುರಸ್ತುಮಾಡಲು ಯಾರನ್ನು ಕರೆಯುವುದು ಎಂದು ಯಜಮಾನರು ಕೇಳಿದರು. ಆ ಬೇಸಗೆಯಿಂದೀಚೆಗೆ ಇಬ್ಬರೂ ಒಟ್ಟಿಗೆ ಊರು ಬಿಟ್ಟಿಲ್ಲವಂತೆ. ನಮಗೆ ಇದು ಹೊಸತೆನಿಸಲಿಲ್ಲ. ಕರೆಯುವ ಹಸುವನ್ನು ಕಟ್ಟಿಕೊಂಡ ನಮ್ಮ ಹಳ್ಳಿಯ ಮನೆಗಳ ಬಾಳೂ ಹೀಗೆಯೇ ಅಲ್ಲವೆ?

ಬೇರೊಂದು ಎಚ್ಚರವೂ ಆ ಮನೆಯಲ್ಲಿ ಕಂಡುಬಂದಿತು. ಬೆಳೆದು ಹೆಚ್ಚಾದ ಪಾಚಿಯನ್ನು ಕಿತ್ತಾಗ ಅದನ್ನು ಫ್ರೀಜರಿನಲ್ಲಿಟ್ಟು ಸಾಯಿಸಿದ ಮೇಲೆಯೇ ಕಸಕ್ಕೆ ಹಾಕುವರು. ಒಂದು ತುಣುಕನ್ನಾದರೂ ಕಡಲಿಗೆ ಬಿಡರು. ಕಾರಣವು ನಾವು ಹಿಂದಿನ ದಿನ ನೋಡಿದ ಸಂಗ್ರಹಾಲಯದ ಬುಡದಲ್ಲಿಯೇ ಇದೆ. ಅಕ್ವೇರಿಯಮ್ಮುಗಳಲ್ಲಿ ಅಂದಕ್ಕಾಗಿ ಸಾಕುತ್ತಿದ್ದ ಕಾಲರ್ಪ ಎಂಬ ಹಚ್ಚಹಸುರು ಪಾಚಿಯು 1984ರಲ್ಲಿ ಆ ಕಿಟಕಿಗಳ ಕೆಳಗಣ ಸಮುದ್ರದಲ್ಲಿ ಸುಮಾರು ಒಂದು ಚದರ ಮೀಟರಿನಷ್ಟು ಕಾಣಿಸಿತು. ನೀಸಿನ ಜೀವಶಾಸ್ತ್ರಜ್ಞ ಅಲೆಕ್ಸಾಂದ್ರ್ ಮೈನೇಜ್ ಎಂಬವರು ಇದು ಹಬ್ಬುವುದೆಂದು ಕೂಗಿ ಹೇಳಿದರೂ ವಿದ್ವಾಂಸರು ವಾದದಲ್ಲಿ ಕಾಲ ಕಳೆದರು. ಮುಂದಿನ ದಶಕದಲ್ಲಿ ಅದು ಇಟಲಿ, ಸ್ಪೇನ್, ಕ್ರೊಯೇಷಿಯ ತೀರಗಳನ್ನು ಮುಟ್ಟಿ ಸಾವಿರಾರು ಹೆಕ್ಟೇರುಗಳಿಗೆ ಹರಡಿತು. ಅನಂತರ ಹಲವೆಡೆ ತಾನಾಗಿಯೇ ಹಿಮ್ಮೆಟ್ಟಿತು. ಕ್ಯಾಲಿಫೋರ್ನಿಯದಲ್ಲಿ 2000ದಲ್ಲಿ ಅದೇ ಪಾಚಿ ಕಂಡಾಗ ಅಲ್ಲಿನವರು ವಾದಿಸುತ್ತ ಕೂಡಲಿಲ್ಲ. ಮೇಲೆ ಹೊದಿಕೆಯನ್ನು ಹಾಸಿ ಕ್ಲೋರಿನ್ ಹಾಯಿಸಿ, 2006ರ ಹೊತ್ತಿಗೆ ನಿರ್ಮೂಲವಾಯಿತೆಂದು ಸಾರಿದರು.

ತೊಟ್ಟಿಯೊಳಗೂ ಅಪಾಯವಿಲ್ಲದಿಲ್ಲ. ಗುಂಡಿಯಂತೆ ಗುಂಪಾಗಿ ಬೆಳೆಯುವ ಕೆಲವು ಜಾತಿಯ ಜೀವಿಗಳಲ್ಲಿ ಘೋರವಾದ ವಿಷವಿರುತ್ತದೆ. ಅವು ಹತ್ತಿದ ಕಲ್ಲನ್ನು ಶುಚಿಮಾಡಲೆಂದು ಬಿಸಿನೀರಿನಲ್ಲಿ ಕುದಿಸಿ, ಆ ಆವಿಯಿಂದ ಮನೆಮಂದಿಯೆಲ್ಲ ಆಸ್ಪತ್ರೆಗೆ ಸೇರಿದ ಸಂಗತಿಗಳುಂಟು. ಕೈಚೀಲವಿಲ್ಲದೆ ಯಜಮಾನರು ನೀರಿಗೆ ಕೈಯಿಡುವುದಿಲ್ಲ.

ನಮ್ಮ ದೇಶದಲ್ಲಿ ಹೀಗೆ ಮಾಡಬಹುದೆ ಎಂದು ಅವರು ವಿಚಾರಿಸಿದಾಗ, ದಿಬ್ಬ ಕಟ್ಟುವ ಹವಳಗಳನ್ನೆಲ್ಲ 2001ರಲ್ಲಿ ವನ್ಯಜೀವಿ ರಕ್ಷಣೆಯ ಕಾನೂನಿನ ಮೊದಲನೆಯ ಪಟ್ಟಿಗೆ, ಹುಲಿಯಿರುವ ಪಟ್ಟಿಗೇ, ಸೇರಿಸಲಾಯಿತೆಂದು ತಿಳಿಸಿದೆವು. ಕಡಲಿನಿಂದ ಒಂದು ಕೊಂಬೆಯನ್ನು ಮುರಿದು ತಂದರೂ ಅಪರಾಧ. ಮುರುಡೇಶ್ವರದೆದುರಿನ ನೇತ್ರಾಣಿ ದ್ವೀಪದ ಸುತ್ತ ಹವಳಗಳಿವೆ. ಮುಳುಗಿ ನೋಡಿ ಬರಬಹುದು, ತರಬಾರದು. ಅವರಿಗೆ ಇದು ಬಹಳ ಮೆಚ್ಚಿಕೆಯಾಯಿತು. ಅವರ ತೊಟ್ಟಿಯ ಈಗಿನ ಹವಳಗಳಾವುವೂ ಕಡಲಿನಿಂದ ಬಂದವಲ್ಲ. ಇತರರ ತೊಟ್ಟಿಗಳಲ್ಲಿ ಬೆಳೆದವುಗಳ ತುಂಡುಗಳನ್ನು, ನಾವು ದಾಸವಾಳದ ಕಡ್ಡಿಯನ್ನು ಕೇಳಿ ತರುವಂತೆ ತಂದು, ಕಲ್ಲಿಗೆ ಅಂಟಿಸಿ ಬೆಳೆಸಿದುವು.

ಸಂಜೆಯಾಗಿ ದೀಪಗಳು ನೀಲಿಗೆ ತಿರುಗಿದುವು. ಹಳದಿ ಮೀನೊಂದು ತನ್ನ ಬಿಲವನ್ನು ಸೇರಿತು. ಮರುದಿನ ಲಿಯೋನಿನಲ್ಲಿ ಮೊಮ್ಮಗುವಿನ ಹುಟ್ಟುಹಬ್ಬ. ಮನೆಯಲ್ಲುಳಿಯುವ ಸರದಿ ಈ ಸಾರಿ ಯಜಮಾನರದು. ಗೃಹಿಣಿಯವರು ಪೆಟ್ಟಿಗೆಯನ್ನು ಅರ್ಧ ಕಟ್ಟಿ ಎದ್ದುಬಂದು, ನೀಲಿ ಹೊತ್ತಗೆಯನ್ನು ತೆರೆದು, ಸುಣ್ಣದ ನೀರನ್ನು ಎಷ್ಟು ಗಂಟೆಗೆ ಬಿಡಬೇಕೆಂಬುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಗಂಡನ ಕೈಗಿತ್ತರು. ನಾವು ವಂದಿಸಿ ಹೊರಟೆವು.