ಸೈನೈಡ್ ಗುಡ್ಡ ಬೇಡ, ತಂಬಿ!

ಗೆಳೆಯರೇ, ಹೀರೋ ಆಗಬೇಕು ಅಂತ ಆಲ್ಬಂ ಹಿಡಿದು ಗಾಂಧಿನಗರದ ಮೆಟ್ಟಿಲು ಹತ್ತಿದವರ ಕಥೆ ನೀವು ಬೇಕಾದಷ್ಟು ಓದಿದ್ದೀರಿ. ಇದು ಆಲ್ಬಂ ಹಿಡಿದು ಕೋರಮಂಡಲ್‌ನ ಒಂದು ಮನೆಯ ಮೆಟ್ಟಿಲು ಹತ್ತಿ, ಕಾಫಿ ಕುಡಿದು, ಮುಖ ಸಪ್ಪಗೆ ಮಾಡಿಕೊಂಡು ಇಳಿದವನ ಕಥೆ. ಇಳಿದವನು ನಾನೇ!

ನನ್ನ ಪರಿಚಯ ಎರಡೇ ಮಾತಲ್ಲಿ. ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನು. ವಯಸ್ಸು 28. ಪತ್ರಿಕೆಗಳಿಗೆ ಬರೀತೀನಿ, ಅಚ್ಚಾದರೆ ಕಾಸು, ಇಲ್ಲದಿದ್ದರೆ ಇಲ್ಲ. ಬಂಗಾರಪೇಟೆಯಲ್ಲಿ ನನ್ನ ಗೆಳೆಯನೊಬ್ಬ ಫೋಟೋಗ್ರಾಫರ್. ಕೈಲಿ ಕ್ಯಾಮರಾ ಇದ್ದರೆ ಅವನು ರಾಜ. ಎದುರಿಗೆ ಗಿರಾಕಿ ಕೂತರೆ ಮಾತ್ರ ಬಾಯಿಗೆ ಬೀಗ! ಹಾಗಾಗಿ "ನಿಮ್ಮ ಮದುವೆ ಫೋಟೋ ನಾವು ಹೀಗೆ ಹೀಗೆ ತೆಗೀತೀವಿ" ಅಂತ ಬಣ್ಣಿಸಿ, ಒಪ್ಪಿಸಿ, ಅಡ್ವಾನ್ಸ್ ಈಸಿಕೊಳ್ಳುವ ಕೆಲಸ ನನ್ನದು. ಬಂದಿದ್ದರಲ್ಲಿ ನಾಲ್ಕರಲ್ಲೊಂದು ಪಾಲು.

ಆ ತಿಂಗಳು ಕ್ಯಾಮರಾ ಸಾಲದ ಎರಡು ಕಂತು ಬಾಕಿ ಬಿದ್ದಿತ್ತು. "ಈ ಮದುವೆ ಕೈತಪ್ಪಿದ್ರೆ ಕ್ಯಾಮರಾ ಮಾರಿ ಬೆಂಗಳೂರಲ್ಲಿ ಗೋಡೌನ್ ಕೆಲಸಕ್ಕೆ ಸೇರ್ಕೊಳ್ತೀನಿ ಕಣೋ" ಅಂದುಬಿಟ್ಟಿದ್ದ ಗೆಳೆಯ. ತಮಾಷೆಗೆ ಅಂದದ್ದಲ್ಲ ಅಂತ ಅವನ ಮುಖವೇ ಹೇಳುತ್ತಿತ್ತು.

ನಾನೋ ಸಿನಿಮಾ ಹುಚ್ಚ. 2018ರ ಡಿಸೆಂಬರ್ 21ರಂದು 'ಕೆ.ಜಿ.ಎಫ್' ಮೊದಲ ಭಾಗ ಬಂತಲ್ಲ, ಅವತ್ತಿನಿಂದ ನನ್ನ ತಲೆಯಲ್ಲಿ ಬರೀ ಭುವನ್ ಗೌಡರ ಕ್ಯಾಮರಾ ಕಣ್ಣು. ಕಪ್ಪು, ಹೊಗೆ, ಮಸಿ, ನಡುವೆ ಒಂದು ಬೆಂಕಿ ಕಿಡಿ... ಎರಡನೇ ಭಾಗ 2022ರ ಏಪ್ರಿಲ್ 14ರಂದು ಬಂದಮೇಲಂತೂ ಕೇಳಲೇ ಬೇಡಿ. ಯಶ್ ನಡೆದಾಡಿದ ಆ ನರಾಚಿಯ ಸೆಟ್ಟು ಎದ್ದಿದ್ದು ನಮ್ಮ ಸೈನೈಡ್ ಗುಡ್ಡಗಳ ಮೇಲೆ! ಅಂಥ ಲೊಕೇಶನ್ ಮನೆ ಹಿತ್ತಲಲ್ಲೇ ಇರುವಾಗ ಬೇರೆ ಯೋಚನೆ ಯಾಕೆ ಸ್ವಾಮಿ?

ಹನ್ನೆರಡು ಪುಟದ ಪ್ರಪೋಸಲ್ ಮಾಡಿದೆ. ಮದುವೆಗೆ ಮುಂಚಿನ ಶೂಟಿಂಗ್ ಗುಡ್ಡದ ಮೇಲೆ. ಮದುಮಗನಿಗೆ ಕಪ್ಪು ಕೋಟು, ಮದುಮಗಳಿಗೆ ಕೆಂಪು ಸೀರೆ, ಸಂಜೆ ಬೆಳಕು, ಗಾಳಿಗೆ ಹಾರುವ ಧೂಳು. ಕೊನೇ ಪುಟದಲ್ಲಿ ರೇಟು: 45,000 ರೂಪಾಯಿ. ಬಣ್ಣದ ಪ್ರಿಂಟು ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸಿ, ಮಾಸ್ಟರ್‌ಪೀಸ್ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಹುಡುಗಿಯ ಮನೆಯಲ್ಲಿ ಎಲ್ಲರೂ ಕೂತರು. ನಾನು ಪುಟ ತಿರುವುತ್ತಾ, ಕೈ ಆಡಿಸುತ್ತಾ, ಹಿನ್ನೆಲೆ ಸಂಗೀತ ಒಂದು ಬಿಟ್ಟು ಎಲ್ಲ ಕೊಟ್ಟೆ. ಹುಡುಗಿ ನಕ್ಕಳು. ಅವಳಪ್ಪ ರೇಟಿನ ಪುಟವನ್ನೇ ನೋಡುತ್ತಿದ್ದರು. ಮೂಲೆಯಲ್ಲಿ ಕೂತಿದ್ದ ಅಜ್ಜಿ ಪುಸ್ತಕ ಈಸಿಕೊಂಡು, ಕಣ್ಣಿಗೆ ಹತ್ತಿರ ಹಿಡಿದು ನೋಡಿ ಕೇಳಿದರು:

"ಇದು ನಮ್ಮ ಗುಡ್ಡ ತಾನೇ ತಂಬಿ?"

"ಹೌದು ಪಾಟಿ! ಸಿನಿಮಾದಲ್ಲಿ ಬಂದಿದ್ದು!"

"ಒಳಗೆ ಒಡೆದ ಕಲ್ಲನ್ನೇ ಹಿಟ್ಟು ಮಾಡಿ, ಚಿನ್ನ ತಕ್ಕೊಂಡು ಹೊರಗೆ ಸುರಿದದ್ದು ಅದು. ಅದೇ ಕಲ್ಲಿನ ಧೂಳು ನಮ್ಮ ಮನೆಯವರ ಎದೆ ತುಂಬ ಇತ್ತು. ಕೆಮ್ಮಿ ಕೆಮ್ಮಿ ಹೋದರು. ಗಾಳಿ ಬಂದರೆ ಈಗಲೂ ಸೋರಿಗೆ ಮುಚ್ಚಳ ಹಾಕ್ತೀನಿ. ಮೊಮ್ಮಗಳ ಮದುವೆ ಫೋಟೋಗೂ ಅದೇ ಧೂಳಾ?"

ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಆಗಲೇ ನನ್ನ ಕಣ್ಣಿಗೆ ಬಿದ್ದದ್ದು. ಚಾಂಪಿಯನ್ ರೀಫ್ ಗಣಿಯಲ್ಲಿ ಕೆಲಸ ಮಾಡಿದ ತಾತ. ನೆಲದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿದ್ದ ಗಣಿ ಅದು. ಎದೆಗೆ ಕಲ್ಲಿನ ಧೂಳು ಕೂತು ಬರುವ ಸಿಲಿಕೋಸಿಸ್ ಎಂಬ ಕಾಯಿಲೆಯ ಹೆಸರನ್ನು ಇಲ್ಲಿ ಯಾರೂ ಪುಸ್ತಕ ಓದಿ ಕಲಿಯಬೇಕಿಲ್ಲ. ಒಂದು ಗಂಟೆ ಆ ಮನೇಲಿ ಕೂತಿದ್ದೆ. ಒಂದು ಸಲ ತಲೆ ಎತ್ತಿ ಗೋಡೆ ನೋಡಿರಲಿಲ್ಲ!

"ಯೋಚನೆ ಮಾಡಿ ಹೇಳ್ತೀವಿ" ಅಂದರು ಹುಡುಗಿಯ ಅಪ್ಪ. ಈ ಕಸುಬಿನಲ್ಲಿ ಅದರ ಅರ್ಥ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಬಂಗಾರಪೇಟೆಗೆ ವಾಪಸ್ ಬಂದು ಟೀ ಅಂಗಡಿ ಮುಂದೆ ನಿಂತಾಗ ವಿ.ಕೆ. ಮೂರ್ತಿ ನೆನಪಾದರು. ನಮ್ಮ ಮೈಸೂರಿನವರು, ಗುರುದತ್ತರ 'ಕಾಗಜ್ ಕೆ ಫೂಲ್'ಗೆ (1959) ಬೆಳಕು ಕೊಟ್ಟವರು. ಅದಕ್ಕೂ ಮುಂಚೆ, 1951ರ 'ಬಾಜಿ' ಚಿತ್ರದ ಕಾಲಕ್ಕೆ, ಛಾಯಾಗ್ರಾಹಕ ವಿ. ರಾತ್ರಾ ಅವರ ಕೈಕೆಳಗೆ ಸಹಾಯಕರು. ಒಂದು ಹಾಡಿನ ದೃಶ್ಯಕ್ಕೆ ಕನ್ನಡಿ ಬಳಸಿ ಕ್ಯಾಮರಾ ಚಲಿಸುವ ಕಷ್ಟದ ಶಾಟ್ ಒಂದನ್ನು ಗುರುದತ್ತರಿಗೆ ಸೂಚಿಸಿದರು. ರಾತ್ರಾ ದೊಡ್ಡ ಮನಸ್ಸಿನಿಂದ ಕ್ಯಾಮರಾ ಬಿಟ್ಟುಕೊಟ್ಟರು. ಶಾಟ್ ಗೆದ್ದಿತು. ಮುಂದಿನ ಚಿತ್ರ 'ಜಾಲ್'ಗೆ (1952) ಮೂರ್ತಿಯವರೇ ಛಾಯಾಗ್ರಾಹಕರು!

ಈ ಕಥೆಯನ್ನು ನೂರು ಸಲ ಬೇರೆಯವರಿಗೆ ಹೇಳಿದ್ದೆ. ಅವತ್ತು ಮೊದಲ ಸಲ ನನಗೇ ಕೇಳಿಸಿತು. ಮೂರ್ತಿಯವರು ಬೇರೆ ಯಾವುದೋ ಸಿನಿಮಾದ ಶಾಟ್ ಕದ್ದು ತಂದಿರಲಿಲ್ಲ. ಎದುರಿಗಿದ್ದ ಆ ಹಾಡಿಗೆ ಏನು ಬೇಕು ಅಂತ ನೋಡಿ ಹೇಳಿದರು. ನಾನು ತೆಗೆದುಕೊಂಡು ಹೋಗಿದ್ದು ನನ್ನ ಆಸೆಯ ಹನ್ನೆರಡು ಪುಟ. ಅದರಲ್ಲಿ ಆ ಮನೆಯವರದ್ದು ಅಂತ ಇದ್ದದ್ದು ಹೆಸರು, ತಾರೀಕು ಅಷ್ಟೇ.

ಮೂರನೇ ದಿನ ಮತ್ತೆ ಹೋದೆ, ಖಾಲಿ ಕೈಲಿ. "ಪಾಟಿ, ಫೋಟೋ ಮಾತು ಇರಲಿ. ಇವರಿಬ್ಬರಿಗೆ ಗಂಟು ಬಿದ್ದದ್ದು ಹೇಗೆ ಹೇಳಿ" ಅಂದೆ.

ಅಜ್ಜಿ ನಕ್ಕು ಮೊಮ್ಮಗಳ ಕಡೆ ನೋಡಿದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಲ್ಲಿಂದೀಚೆಗೆ ಇಲ್ಲಿಯ ಸಾವಿರಾರು ಜನರ ಅನ್ನ ಇರುವುದು ಬೆಂಗಳೂರಲ್ಲಿ, ಬೆಳಗಿನ ರೈಲಿನ ತುದಿಯಲ್ಲಿ. ಹುಡುಗಿಯೂ ಅದೇ ರೈಲು. ಹುಡುಗ ಹತ್ತುತ್ತಿದ್ದದ್ದು ಗಾಡಿ ಹೊರಡುವ ಮಾರಿಕುಪ್ಪಂನಲ್ಲಿ. ಕೋರಮಂಡಲ್ ಬರುವ ತನಕ ಪಕ್ಕದ ಸೀಟಿನ ಮೇಲೆ ಕರ್ಚೀಫ್ ಹಾಕಿ ಕಾಯುತ್ತಿದ್ದನಂತೆ. ಒಂದು ವರ್ಷ ಬರೀ ಕರ್ಚೀಫು, ಮಾತಿಲ್ಲ! ಆಮೇಲೆ ಟಿಫನ್ ಡಬ್ಬಿ ಬದಲಾಯಿತು. ಆಮೇಲೆ ಎರಡು ಮನೆಯವರೂ ಕೂತು ಮಾತಾಡಿದರು.

ಗೆಳೆಯರೇ, ಇದಕ್ಕಿಂತ ಒಳ್ಳೆಯ ಚಿತ್ರಕಥೆ ಯಾರು ಬರೀತಾರೆ ಹೇಳಿ?

ಅಲ್ಲೇ ಒಂದು ಹಾಳೆ ಕೇಳಿ ಈಸಿಕೊಂಡು ಪೆನ್ನಲ್ಲಿ ಬರೆದೆ. ಒಂದು: ಬೆಳಗಿನ ಜಾವ, ಅಡುಗೆಮನೆ ದೀಪದಲ್ಲಿ ಅಜ್ಜಿ ಡಬ್ಬಿ ಕಟ್ಟುವುದು. ಎರಡು: ಸ್ಟೇಷನ್ ಹೊರಗಿನ ರಸ್ತೆಯಲ್ಲಿ ಇಬ್ಬರೂ, ಅವಳ ಕೈಲಿ ಆ ಕರ್ಚೀಫು. ಪ್ಲಾಟ್‌ಫಾರಂ ಮೇಲೆ ಅಂದರೆ ರೈಲ್ವೆಯವರ ಅನುಮತಿ ಬೇಕು, ಅದಕ್ಕೆ ದುಡ್ಡೂ ಬೇಕು, ದಿನವೂ ಬೇಕು. ಅದನ್ನೂ ಮುಚ್ಚಿಡದೆ ಹೇಳಿದೆ. ಮೂರು: ತಾತನ ಫೋಟೋ ಕೆಳಗೆ ಇಡೀ ಮನೆಯವರು. ಮದುವೆ ಎರಡು ದಿನ, ಆಲ್ಬಂ ಒಂದು. ಅಡ್ವಾನ್ಸ್ ಮೂರರಲ್ಲೊಂದು ಭಾಗ, ಉಳಿದದ್ದು ಆಲ್ಬಂ ಕೈಗೆ ಬಂದಮೇಲೆ. ಒಟ್ಟು 28,000.

ಅಪ್ಪ ಹಾಳೆ ಓದಿ ಅಜ್ಜಿಯ ಮುಖ ನೋಡಿದರು. ಅಜ್ಜಿ ಕೇಳಿದ್ದು ಒಂದೇ ಮಾತು: "ಡಬ್ಬಿ ಕಟ್ಟೋವಾಗ ಹೊಸ ಸೀರೆ ಉಡ್ಬೇಕಾ, ಹಳೇದೇ ಸಾಕಾ?"

"ಹಳೇದೇ ಸಾಕು ಪಾಟಿ."

ಬೆಳಗಿನ ಜಾವ ನಾಲ್ಕೂವರೆಗೆ ನಾವಿಬ್ಬರೂ ಆ ಅಡುಗೆಮನೆಯಲ್ಲಿದ್ದೆವು. ಗೆಳೆಯ ಫ್ಲ್ಯಾಶ್ ಆರಿಸಿದ. ಗ್ಯಾಸ್ ಒಲೆ ನೀಲಿ ಬೆಳಕು, ಮೇಲೊಂದು ಬಲ್ಬು, ಅಷ್ಟೇ. ಅಜ್ಜಿ ಕ್ಯಾಮರಾ ಕಡೆ ನೋಡಲೇ ಇಲ್ಲ. ಅನ್ನ ಒತ್ತಿ ತುಂಬಿ, ಮುಚ್ಚಳ ಬಿಗಿದು, ಮೇಲೆ ಒಂದು ಸಲ ಕೈಯಿಟ್ಟರು. ಗಂಡನಿಗೆ ಎಷ್ಟೋ ವರ್ಷ ಹಾಗೇ ಕಟ್ಟಿಕೊಟ್ಟ ಕೈ. ಗೆಳೆಯ ಕ್ಲಿಕ್ಕಿಸಿದ. ಆಮೇಲೆ ಸ್ವಲ್ಪ ಹೊತ್ತು ನನ್ನ ಕಡೆ ತಿರುಗಲೇ ಇಲ್ಲ.

ಆ ಫೋಟೋ ಈಗ ಅವರ ಮನೆ ಗೋಡೆ ಮೇಲಿದೆ, ತಾತನ ಪಕ್ಕದಲ್ಲಿ. ಅಂದಹಾಗೆ, ನಮ್ಮ ಕ್ಯಾಮರಾ ಇನ್ನೂ ನಮ್ಮದೇ. ಒಂದು ಕಂತು ಕಟ್ಟಿದ್ದಾಯಿತು, ಇನ್ನೊಂದು ಬಾಕಿ ಇದೆ. ನಿಮ್ಮ ಕಡೆ ಮದುವೆ ಇದ್ದರೆ ಹೇಳಿ. ಬರ್ತೀವಿ, ಕಾಫಿ ಕುಡೀತೀವಿ, ಮೊದಲು ಗೋಡೆ ನೋಡ್ತೀವಿ. ಹನ್ನೆರಡು ಪುಟದ ಪುಸ್ತಕ ಮಾತ್ರ ತರಲ್ಲ.